ಗೀಸರ್ ಸ್ವಿಚ್ಚಿನ ಕೆಂಪು ದೀಪ

ಮನೆಯಲ್ಲಿ ಯಾರೂ ಇಲ್ಲದಿದ್ದರೂ ಬಚ್ಚಲುಮನೆ ಹೊರಗೆ ಆ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಟ್ಯಾಂಕಿನ ನೀರು ತಣ್ಣಗಾದಾಗಲೆಲ್ಲ ಕಾಯಿಲ್ ಮತ್ತೆ ಕಾಯಿಸುತ್ತದೆ, ಮತ್ತೆ ನಿಲ್ಲುತ್ತದೆ. ನೀರು ಹೆಚ್ಚು ಬಿಸಿಯಿದ್ದಷ್ಟೂ ಹೀಗೆ ಸೋರಿಹೋಗುವ ಶಾಖವೂ ಹೆಚ್ಚು.

ಲೆಕ್ಕ ಸುಲಭ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು. 2,000 ವ್ಯಾಟ್‌ನ ಗೀಸರಿಗೆ ಇದು ಕಾಲು ಗಂಟೆಯ ಕೆಲಸ. ಸ್ನಾನಕ್ಕೆ ಕಾಲು ಗಂಟೆ ಮುಂಚೆ ಹಾಕಿ, ಬಿಸಿಯಾದ ಮೇಲೆ ಆರಿಸಿದರೆ ಮುಗಿಯಿತು. 20 ಲೀಟರಿನ ಒಂದು ಬಕೆಟ್ ಹದವಾದ ನೀರಿಗೆ ಅರ್ಧ ಯೂನಿಟ್ಟೂ ಬೇಡ. ನಿಮಿಷಕ್ಕೆ 9 ಲೀಟರ್ ಸುರಿಸುವ ಶವರಿನಡಿ ಹತ್ತು ನಿಮಿಷ ನಿಂತರೆ ಹೆಚ್ಚುಕಡಿಮೆ ಎರಡು ಯೂನಿಟ್. ನಮ್ಮ ಗ್ರಿಡ್ಡಿನ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಗೃಹಜ್ಯೋತಿಯವರಿಗಂತೂ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು!

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ಕಾಟ. ಕಾಯಿಲ್ ಮೇಲೆ ಮೊಟ್ಟೆಚಿಪ್ಪಿನಂತೆ ಬಿಳಿ ಸುಣ್ಣದ ಪದರ ಕೂರುತ್ತದೆ. ಅದರಿಂದ ಬಿಲ್ಲೇನೂ ಬಹಳ ಏರುವುದಿಲ್ಲ, ಶಾಖ ಕೊನೆಗೆ ನೀರಿಗೇ ಸೇರುತ್ತದೆ. ಆದರೆ ಶಾಖ ಬಿಡಲಾಗದೆ ಕಾಯಿಲ್ ತಾನೇ ಕಾದು ಸುಟ್ಟುಹೋಗುತ್ತದೆ. ನೀರು ಕಾಯುವಾಗ ಗೊರಗೊರ ಸದ್ದು ಬಂದರೆ ಸುಣ್ಣ ಕಟ್ಟಿದೆ ಎಂದೇ ತಿಳಿಯಿರಿ. ಬಿಚ್ಚಿಸಿ ತೊಳೆಸುವಾಗ ಪಕ್ಕದ ಮೆಗ್ನೀಷಿಯಂ ಕಡ್ಡಿಯನ್ನೂ ನೋಡಿಸಿ; ತಾನು ಸವೆದು ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದೇ. ಅದು ಸವೆದು ತಂತಿಯಷ್ಟೇ ಉಳಿದಿದ್ದರೆ ಮುಂದಿನ ಸರದಿ ಟ್ಯಾಂಕಿನದು.

ಹಂಡೆ ಒಲೆಯ ಕಾಲದಲ್ಲಿ ಸೌದೆ ಕಣ್ಣೆದುರೇ ಕರಗುತ್ತಿತ್ತು. ಈಗ ಕಾಣುವುದು ಆ ಕೆಂಪು ಚುಕ್ಕಿ ಮಾತ್ರ.