ಅದು ಪೊಲೀಸ್ ಡ್ರೆಸ್ ಅಲ್ಲ

"ಹೆಣ್ಣುಮಕ್ಕಳಿಗೆ ಈ ಪೊಲೀಸ್ ಡ್ರೆಸ್ ಯಾಕೆ ಟೀಚರೇ?" ಮೂಡಿಗೆರೆ ಕಡೆಯ ಒಂದು ಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಗೈಡ್ ಕ್ಯಾಪ್ಟನ್, ಅಂದರೆ ಸ್ಕೌಟ್ಸ್ ಮತ್ತು ಗೈಡ್ಸ್‌ನ ಹುಡುಗಿಯರ ದಳದ ಮುಖ್ಯಸ್ಥೆ, ಆಗಿರುವ ನನಗೆ ಈ ಪ್ರಶ್ನೆ ಮದುವೆಮನೆಯ ಪಂಕ್ತಿಯಲ್ಲಿ, ಚಿಕ್ಕಮಗಳೂರಿನ ಬಸ್ಸಿನಲ್ಲಿ, ಪೋಷಕರ ಸಭೆಯಲ್ಲಿ ಎದುರಾಗುತ್ತಲೇ ಇದೆ. ಮೊದಮೊದಲು ನಗುತ್ತಾ ಉತ್ತರಿಸುತ್ತಿದ್ದೆ. ಈಗ ನಗು ಬರುವುದಿಲ್ಲವಾದ್ದರಿಂದ ಒಮ್ಮೆ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುವುದು.

ಮೊದಲು ದಯವಿಟ್ಟು ಬಣ್ಣವನ್ನಾದರೂ ನೋಡಿ. ಪೊಲೀಸರದು ಖಾಕಿ. ನನ್ನ ಮಕ್ಕಳು ತೊಡುವುದು ಆಕಾಶನೀಲಿ ಕಮೀಜು, ಕಡುನೀಲಿ ಸಲ್ವಾರ್, ಕೊರಳಿಗೆ ಸ್ಕಾರ್ಫು. ಖಾಕಿಯ ನಂಟು ಬೇಕೇ ಬೇಕು ಎನ್ನುವವರಿಗೆ ಒಂದು ದೂರದ ಎಳೆ ಸಿಗುತ್ತದೆ: ‘ಗೈಡ್’ ಎಂಬ ಹೆಸರನ್ನು ಸ್ಕೌಟ್ ಚಳವಳಿ ಆರಂಭಿಸಿದ ಬೇಡನ್ ಪೊವೆಲ್ ಆರಿಸಿಕೊಂಡದ್ದು ಬ್ರಿಟಿಷ್ ಭಾರತದ ವಾಯವ್ಯ ಗಡಿಯಲ್ಲಿದ್ದ ‘ಕೋರ್ ಆಫ್ ಗೈಡ್ಸ್’ ಎಂಬ ಪಡೆಯನ್ನು ಮೆಚ್ಚಿ, ಮತ್ತು ಸೈನ್ಯಕ್ಕೆ ಖಾಕಿಯನ್ನು ಮೊದಲು ತಂದ ಖ್ಯಾತಿಯೂ ಅದೇ ಪಡೆಯದು. ಆದರೆ ಅದರ ಹೆಸರು ಹೊತ್ತ ಹುಡುಗಿಯರು ಬ್ರಿಟನ್ನಿನಲ್ಲಿ ಉಟ್ಟದ್ದು ಕಡುನೀಲಿ.

ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಚುಚ್ಚುವುದು ‘ಪೊಲೀಸ್’ ಅಲ್ಲ, ‘ಹೆಣ್ಣುಮಕ್ಕಳಿಗೆ’ ಎಂಬ ಮಾತು. ಪಕ್ಕದ ಸಾಲಿನಲ್ಲೇ ಸಮವಸ್ತ್ರ ತೊಟ್ಟು ನಿಂತ ಸ್ಕೌಟ್ ಹುಡುಗರನ್ನು ಯಾರೂ ಹೀಗೆ ಕೇಳಿದ್ದಿಲ್ಲ. ಹೆಣ್ಣುಮಕ್ಕಳಿಗೆ ಯಾರೋ ದೊಡ್ಡವರು ಇದನ್ನು ಬಲವಂತವಾಗಿ ತೊಡಿಸಿದ್ದಾರೆ ಎಂಬ ಅನುಕಂಪವೂ ಆ ದನಿಯಲ್ಲಿರುತ್ತದೆ. ನಡೆದದ್ದು ತಿರುಗುಮುರುಗು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ಮೇಳ ಸೇರಿದ್ದಾಗ, ಯಾರೂ ಕರೆಯದೆ ಬಂದ ಹುಡುಗಿಯರ ಗುಂಪೊಂದು ಸ್ಕೌಟರ ಟೋಪಿ, ಸ್ಕಾರ್ಫುಗಳನ್ನು ತಾವೇ ಹೊಂದಿಸಿಕೊಂಡು ತೊಟ್ಟು, ತಾವೂ ಸ್ಕೌಟ್‌ಗಳೇ ಎಂದು ಬೇಡನ್ ಪೊವೆಲ್‌ರ ಎದುರು ನಿಂತಿತು. ಮರುವರ್ಷ ಅವರ ತಂಗಿ ಆಗ್ನೆಸ್ ನೇತೃತ್ವದಲ್ಲಿ ಗೈಡ್ಸ್ ಸಂಸ್ಥೆ ರೂಪುಗೊಂಡಿತು. ಬಟ್ಟೆ ಮೊದಲು ಬಂತು, ಸಂಸ್ಥೆ ಆಮೇಲೆ.

ಅಲ್ಲಿಂದ ಮುಂದೆ ಒಂದೊಂದು ದೇಶ ತನ್ನ ಹವೆಗೆ, ಮರ್ಯಾದೆಗೆ ತಕ್ಕಂತೆ ಹೊಲಿಸಿಕೊಂಡಿತು. 1912ರಲ್ಲಿ ಅಮೆರಿಕದ ಸವಾನಾದಲ್ಲಿ ಜೂಲಿಯೆಟ್ ಗಾರ್ಡನ್ ಲೋ ಕಟ್ಟಿದ ದಳ ನೀಲಿಯಲ್ಲಿ ಶುರುವಾಗಿ, ಖಾಕಿಗೆ ಹೋಗಿ, 1928ರಲ್ಲಿ ಹಸಿರಿಗೆ ಬಂತು. ಈಗ ಅಲ್ಲಿನ ಮಕ್ಕಳು ತಮ್ಮದೇ ಬಟ್ಟೆಯ ಮೇಲೆ ಬ್ಯಾಡ್ಜು ಹೊಲಿದ ತೋಳಿಲ್ಲದ ಅಂಗಿಯನ್ನೋ ಅಡ್ಡಪಟ್ಟಿಯನ್ನೋ ಹಾಕಿಕೊಂಡರೂ ಸಾಕು. ಇಂಡೋನೇಷ್ಯಾದಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಕಂದು, ಕೊರಳಲ್ಲಿ ಅವರ ಬಾವುಟದ ಕೆಂಪು ಬಿಳುಪು. ಇಷ್ಟು ಬಗೆಯ ಬಟ್ಟೆಗಳ ನಡುವೆ ವಿಶ್ವ ಗೈಡ್ ಸಂಘದ ಸದಸ್ಯ ದೇಶಗಳಿಗೆಲ್ಲ ಸಮಾನವಾದದ್ದು ಮೂರೆಲೆಯ ಲಾಂಛನ. ಅದನ್ನು ರಚಿಸಿದವರು ನಾರ್ವೆಯ ಕಾರಿ ಓಸ್. ಮೂರು ಎಲೆ ಎಂದರೆ ಗೈಡ್ ಆಗುವಾಗ ಮಾಡುವ ಪ್ರತಿಜ್ಞೆಯ ಮೂರು ಭಾಗ. ಇದಿಷ್ಟನ್ನು ಊಟದ ಎಲೆಯ ಮುಂದೆ ಹೇಳಲು ಹೊರಟರೆ ಪಾಯಸ ಬರುವ ಹೊತ್ತಿಗೆ ಕೇಳಿದವರು ಎದ್ದಿರುತ್ತಾರೆ.

ಒಂದು ಸ್ವಾತಂತ್ರ್ಯ ದಿನದಂದು ಚಿಕ್ಕಮಗಳೂರಿನ ಮೈದಾನದ ಅಂಚಿನಲ್ಲಿ ನಮ್ಮ ದಳ ಪಥಸಂಚಲನಕ್ಕೆ ಕಾದು ನಿಂತಿತ್ತು. ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಒಗೆದ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಹಾಗಾಗಿ ಇಸ್ತ್ರಿ ಮಾಡಿದ ಆಕಾಶನೀಲಿಯ ಸಾಲಿನಿಂದ ಹೊಗೆಯ ವಾಸನೆ ಗಮ್ಮೆನ್ನುತ್ತಿತ್ತು. ಗಣ್ಯರೊಬ್ಬರು ಕೊಡೆ ಹಿಡಿದು ಬಂದು, ಈ ಸಲ ನನ್ನನ್ನು ಬಿಟ್ಟು ಸಾಲಿನ ಕೊನೆಯ ಹುಡುಗಿಯನ್ನೇ ಕೇಳಿದರು: "ಏನಮ್ಮಾ, ನಿಂಗ್ಯಾಕೆ ಪೊಲೀಸ್ ಡ್ರೆಸ್ಸು?"

ಅವಳು ಎಸ್ಟೇಟಿನ ಕೂಲಿಕಾರರ ಲೈನ್ ಮನೆಯ ಹುಡುಗಿ. ಗಾಬರಿಯಾಗಿ, "ನಂದಲ್ಲ ಸಾರ್, ನಮ್ಮಕ್ಕಂದು" ಎಂದಳು.

ಅವರು ನಕ್ಕು ಮುಂದೆ ಹೋದರು. ನನಗೆ ಮಾತ್ರ, ಕೇಳಬೇಕಾಗಿದ್ದ ಪ್ರಶ್ನೆಗೆ ಅವಳು ಉತ್ತರ ಕೊಟ್ಟಳೆನಿಸಿತು. ಯಾಕೆ ಎಂದು ಕೇಳುವ ಹತ್ತು ಜನರಲ್ಲಿ ಒಬ್ಬರಾದರೂ ‘ಇದು ಯಾರ ಬಟ್ಟೆ, ದುಡ್ಡು ಕೊಟ್ಟವರು ಯಾರು’ ಎಂದು ಕೇಳಬಾರದೇ? ಸಮವಸ್ತ್ರ ಎಲ್ಲರನ್ನೂ ಸಮ ಮಾಡುತ್ತದೆ ಎಂದು ಭಾಷಣದಲ್ಲಿ ನಾನೂ ಹೇಳಿದ್ದೇನೆ. ಕೊಳ್ಳಲಾಗದವಳು ಆ ಸಮಕ್ಕೆ ಸೇರುವುದು ಹೇಗೆ ಎಂಬುದನ್ನು ಮಾತ್ರ ಹೇಳಲಿಲ್ಲ. ಕ್ಯಾಪ್ಟನ್ ಆದ ಮೊದಲ ವರ್ಷ, ಕಮೀಜಿನ ನೀಲಿ ಬೇರೆಯಾಗಿದೆಯೆಂದು ಒಬ್ಬಳನ್ನು ಪಥಸಂಚಲನದಿಂದ ಕೈಬಿಟ್ಟವಳು ನಾನೇ. ನಿಯಮ ಹಾಗಿದೆ ಎಂದೆ. ನಿಯಮ ಇದ್ದದ್ದು ನಿಜ. ಅವಳು ಮರುವಾರದಿಂದ ದಳಕ್ಕೆ ಬರಲಿಲ್ಲ ಎಂಬುದೂ ನಿಜ.

ಆ ಮೇಲೆ ಶಾಲೆಯಲ್ಲಿ ಒಂದು ಟ್ರಂಕ್ ಇಟ್ಟೆ. ಹತ್ತನೆಯ ತರಗತಿ ಮುಗಿಸಿದವರು ಸಮವಸ್ತ್ರವನ್ನು ಒಗೆದು, ನುಸಿಗುಳಿಗೆ ಹಾಕಿ ಅದರಲ್ಲಿಟ್ಟು ಹೋಗುತ್ತಾರೆ. ಅಂದು "ನಮ್ಮಕ್ಕಂದು" ಎಂದವಳ ಕಮೀಜೂ ಈಗ ಅಲ್ಲಿದೆ. ಕಾಲರಿನ ಒಳಗೆ ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕು ಹೆಸರುಗಳಿವೆ, ಮೂರಕ್ಕೆ ಗೆರೆ ಎಳೆದಿದೆ. ಹೊಸದಾಗಿ ಹೊಲಿಸುವಾಗ ಕೆಳಗೆ ನಾಲ್ಕು ಬೆರಳು ಮಡಿಸಿದ್ದರು. ಒಬ್ಬೊಬ್ಬಳು ಎತ್ತರವಾದ ಹಾಗೆ ಬಿಚ್ಚಿ ಇಳಿಸಿದ ಮಡಿಕೆಯ ಗುರುತುಗಳು ಅಂಚಿನಲ್ಲಿ ಒಂದರ ಕೆಳಗೊಂದು ಗೆರೆಯಾಗಿ ಉಳಿದಿವೆ, ಆ ಗೆರೆಗಳ ನಡುವಿನ ಬಟ್ಟೆ ಮಾತ್ರ ಮಾಸದ ಆಕಾಶನೀಲಿ. ಇನ್ನು ಇಳಿಸಲು ಬಟ್ಟೆಯಿಲ್ಲ. ಈ ವರ್ಷ ಅದನ್ನು ಕೇಳಿರುವವಳು ಆರನೆಯ ತರಗತಿಯ ಕುಳ್ಳ ಹುಡುಗಿ. ಭಾನುವಾರ ಕೂತು ಎಲ್ಲ ಮಡಿಕೆಗಳನ್ನೂ ಮತ್ತೆ ಮೇಲಕ್ಕೆ ಹೊಲಿಯಬೇಕು.