ಆಗಲ್ಲ ಅಂದಿದ್ದು ಮೂರು ದಿನದಲ್ಲಿ ಆಯ್ತು

ಮುಂದಿನ ತಿಂಗಳಿಂದ ವಾರಕ್ಕೆ ನಾಲ್ಕು ದಿನ ಎಲ್ಲರೂ ಆಫೀಸಿಗೆ ಬರಲೇಬೇಕಂತೆ. ಮೇಲ್ ಓದಿ ನಗು ಬಂತು.

2019ರಲ್ಲಿ ನಾನು ಎರಡೇ ದಿನ ಮನೆಯಿಂದ ಕೆಲಸ ಕೇಳಿದ್ದೆ. ಪೋಲಿಯೋ ಕಾಲು, ಅದಕ್ಕೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್, ಸಿಟಿ ಬಸ್ಸಿನ ಎತ್ತರದ ಮೆಟ್ಟಿಲು, ಎಲ್ಲ ಬಿಡಿಸಿ ಬರೆದಿದ್ದೆ. 'ನಮ್ಮ ಕೆಲಸಕ್ಕೆ ಅದು ಆಗಲ್ಲ' ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಅನುಕೂಲ ಮಾಡಿಕೊಡಬೇಕು ಅಂತ ಇದೆ. ಆದರೆ ಕೆಲಸ ಬೇಕಿದ್ದವನು ಕಾಯ್ದೆ ಹಿಡಿದು ಜಗಳ ಆಡ್ತಾನಾ? ಸುಮ್ಮನಾದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮೂರೇ ದಿನದಲ್ಲಿ ಇಡೀ ಆಫೀಸು ಲ್ಯಾಪ್‌ಟಾಪ್ ಹೊತ್ತು ಮನೆ ಸೇರಿತು.

ನನಗೆ ಅನುಕೂಲವೇ ಆಯ್ತು, ಸುಳ್ಳು ಹೇಳಲ್ಲ. ಆದರೆ ನನ್ನ ಗೆಳೆಯನೊಬ್ಬನಿಗೆ ಕಣ್ಣು ಕಾಣಲ್ಲ. ಮೈಸೂರು ರೈಲಿನಲ್ಲಿ ಪೆನ್ನು, ಕೀ ಚೈನ್ ಮಾರುತ್ತಿದ್ದ. ರೈಲು ನಿಂತಿತು, ಸಂಪಾದನೆಯೂ ನಿಂತಿತು. ಆಮೇಲೆ ರೈಲು ಶುರುವಾದರೂ ಜನ ಹತ್ತಿರ ಬರಲಿಲ್ಲ. ಅವನ ಕಸುಬೆಲ್ಲ ಮುಟ್ಟಿ ಮಾಡುವಂಥದ್ದು ನೋಡಿ. ಯಾರದೋ ಮೊಣಕೈ ಹಿಡಿದು ಪ್ಲಾಟ್‌ಫಾರ್ಮ್ ದಾಟಬೇಕು, ನೋಟನ್ನು ಬೆರಳಲ್ಲಿ ಅಳೆದು ಹತ್ತೋ ಇಪ್ಪತ್ತೋ ತಿಳಿಯಬೇಕು. 'ಮೊದಲು ಕೇಳದಿದ್ದರೂ ಕೈ ಹಿಡೀತಿದ್ರು ಮಾರಾಯ, ಈಗ ಕೇಳಿದರೂ ಕೋಲಿನ ತುದಿ ಹಿಡೀತಾರೆ' ಅಂದಿದ್ದ.

ಈಗ ಅವನು ಅಣ್ಣನ ಅಂಗಡಿಯಲ್ಲಿ ಕೂರುತ್ತಾನೆ. ಸಂಬಳ ಅಂತೇನಿಲ್ಲ, ಊಟ ಇದೆ.

ನಾನು ಆ ಹಳೇ ಮೇಲ್ ಹುಡುಕಿ ತೆಗೆದಿದ್ದೇನೆ. ದಿನಾಂಕ ಮಾತ್ರ ಬದಲಿಸಿ ಮತ್ತೆ ಕಳಿಸೋದು.