ಮಷೀನಿಗೆ ಯಾಕೆ ಬೇಜಾರು?

ವಿಜಯಪುರದ ಒಂದು ಡ್ರಿಪ್ (ಹನಿ ನೀರಾವರಿ) ಸಾಮಾನಿನ ಅಂಗಡಿಯಲ್ಲಿ ರೈತರ ಫೋನ್ ನೋಡಿಕೊಳ್ಳೋದು ನನ್ನ ಕೆಲಸ. ಈಗ ಮೊದಲು ಫೋನ್ ಎತ್ತುವುದು ಎಐ. ಹೆಣ್ಣು ದನಿ, ನಮ್ಮ ಕಡೆಯ ಮಾತು.

ಮೊದಲು "ಫಿಲ್ಟರ್ ತೊಂದರೆಗೆ 1 ಒತ್ತಿ" ಅಂತಿತ್ತು. ಜನ ಅರ್ಧಕ್ಕೇ ಫೋನ್ ಇಡುತ್ತಿದ್ದರು. ತೊಂದರೆ ಫಿಲ್ಟರಿನದೋ ಪೈಪಿನದೋ ಗೊತ್ತಿದ್ದರೆ ಅವರು ಫೋನ್ ಯಾಕೆ ಮಾಡ್ತಾರೆ, ಅಲ್ವಾ? ಈಗ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು "ತಂಗಿ, ಕೊನೀ ಗಿಡಕ್ಕ ನೀರ ಮುಟ್ಟವಲ್ದು ನೋಡು" ಅಂತಲೇ ಶುರು ಮಾಡುತ್ತಾರೆ. "ಎಲ್ಲಾ ಸಾಲಿನಾಗೂ ಹಂಗೈತೇನ್ರಿ, ಒಂದ ಸಾಲಿನಾಗ?" ಅಂತ ಅದು ಕೇಳುತ್ತದೆ. ಎಲ್ಲಾ ಸಾಲು ಅಂದರೆ ಮೊದಲು ಫಿಲ್ಟರ್ ತೊಳೀಬೇಕು. ಒಂದೇ ಸಾಲಾದರೆ ಲ್ಯಾಟರಲ್, ಅಂದರೆ ಆ ಸಾಲಿನ ಸಣ್ಣ ಪೈಪಿನ ತುದಿ ಬಿಚ್ಚಿ ನೀರು ಬಿಡಬೇಕು. ನಮ್ಮ ಬೋರ್ ನೀರಿನ ಉಪ್ಪಿನಿಂದ ಡ್ರಿಪ್ಪರ್, ಅಂದರೆ ನೀರು ಹನಿಸುವ ತೂತು, ಕಟ್ಟಿಕೊಂಡಿರುತ್ತದೆ. ಎಐಗೆ ಮನುಷ್ಯರ ಮಾತು ಕೊಡೋದರ ದೊಡ್ಡ ಲಾಭ ಇದೇ. ಬಟನ್ ಒತ್ತೋದನ್ನು ಕಲಿಸಬೇಕು, ಮಾತಾಡೋದನ್ನು ಯಾರಿಗೂ ಕಲಿಸಬೇಕಿಲ್ಲ.

ಆದರೆ ಅದು ಸುಮ್ನೆ ಮಾತಾಡಿ ಬಿಡಲಿಲ್ಲ. ಮೋಟರ್ ಸುಟ್ಟಿದೆ ಅಂದ ಒಬ್ಬರಿಗೆ "ನನಗೂ ಬಾಳ ಬ್ಯಾಸರಾತ್ರಿ" ಅಂದಿತು. ಅವರು ಬಿಟ್ಟಾರೆಯೇ? "ನಿನಗ್ಯಾಕ ಬ್ಯಾಸರ? ನಿನ್ನ ಮೋಟರೇನ ಸುಟ್ಟಿಲ್ಲಲ್ಲ!" ರೆಕಾರ್ಡಿಂಗ್ ಕೇಳಿ ನಾವು ನಕ್ಕಿದ್ದೇ ನಕ್ಕಿದ್ದು. ಅವರು ಕೇಳಿದ್ದು ಮಾತ್ರ ನ್ಯಾಯ.

ಈ ಮರುಕ ಎಲ್ಲಿಂದ ಬಂತು? ಎಐ ಕಲಿತದ್ದು ಮನುಷ್ಯರು ಬರೆದದ್ದರಿಂದ. ಆಮೇಲೆ ಯಾವ ಉತ್ತರ ಹಿಡಿಸಿತು ಅಂತ ಜನರನ್ನೇ ಕೇಳಿ ತಿದ್ದುತ್ತಾರೆ. ಹಿತವಾಗಿ ಮಾತಾಡಿದರೆ ಯಾರಿಗೆ ಹಿಡಿಸೋದಿಲ್ಲ? 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ತಾವು ಕಟ್ಟಿದ ಎಲೈಜಾ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಬರೆದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋದು, ಅಷ್ಟೇ ಅದರ ವಿದ್ಯೆ. ಅದನ್ನು ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ಮಾತಾಡುವಾಗ "ನೀವು ಸ್ವಲ್ಪ ಹೊರಗೆ ಹೋಗ್ತೀರಾ" ಅಂದರಂತೆ!

ಈಗ ನಮ್ಮದು "ನಾ ಮಷೀನ್ ಮಾತಾಡಾಕತ್ತೀನ್ರಿ" ಅಂತ ಮೊದಲೇ ಹೇಳುತ್ತದೆ. ಬೇಜಾರಿನ ಮಾತು ತೆಗೆಸಿದೆವು. "ಮೆಕ್ಯಾನಿಕ್ ನಂಬರ್ ಕೊಡ್ಲೇನ್ರಿ?" ಅಂತ ಹಾಕಿಸಿದೆವು. 'ರಿ' ಮಾತ್ರ ಮುಟ್ಟಲಿಲ್ಲ, ಅದಿಲ್ಲದೆ ಇಲ್ಲಿ ಯಾರೂ ಮಾತು ಮುಂದುವರಿಸೋದಿಲ್ಲ.

ಇಷ್ಟಾದರೂ ಜನ ಅದನ್ನು ತಂಗಿ ಅಂತಲೇ ಕರೆಯುತ್ತಾರೆ, ಹೇಳಿದ್ದನ್ನು ನಂಬುತ್ತಾರೆ. ಅದಕ್ಕೇ ಉಪ್ಪು ತೆಗೆಯಲು ಆಸಿಡ್ ಎಷ್ಟು ಬಿಡಬೇಕು ಅಂತ ಕೇಳಿದರೆ ಅದು ಉತ್ತರ ಕೊಡೋದಿಲ್ಲ, ಫೋನ್ ನೇರ ನನಗೇ ಬರುತ್ತದೆ.